ಸೊಟ್ಟ ಮೂತಿಯ ಮರಿ

ತುಂಗಿ ಎಂಬ ಕುದುರೆಯ ಮರಿಗೆ ಹುಟ್ಟಿನಿಂದಲೇ ಮೂತಿ ಸೊಟ್ಟಗಿತ್ತು. ಮೊಲೆ ಚೀಪಲು ಅದಕ್ಕೆ ಆಗುತ್ತಲೇ ಇರಲಿಲ್ಲ. ಪಶುವೈದ್ಯೆಯೊಬ್ಬರು ತುಂಗಿಯ ಹಾಲನ್ನು ಕರೆದು ಬಾಟಲಿಯಲ್ಲಿ ಕುಡಿಸಿ ಸಾಕಿದರು. ಮರಿ ಗಟ್ಟಿಯಾದ ಮೇಲೆ ಅದನ್ನು ಆಸ್ಪತ್ರೆಗೆ ಒಯ್ದು, ಶಸ್ತ್ರಚಿಕಿತ್ಸೆ ಮಾಡಿ ಮೂತಿಯನ್ನು ನೆಟ್ಟಗೆ ಮಾಡಿದರು. ಮರಿ ದೂರವಿದ್ದಷ್ಟು ಕಾಲ ತುಂಗಿಗೆ ಹುಲ್ಲು ರುಚಿಸಲಿಲ್ಲ.

ಗಾಯ ಮಾಯ್ದು ಮರಿ ಲಾಯಕ್ಕೆ ಮರಳಿದಾಗ ನೆರೆಯ ಮುದಿ ಕುದುರೆ, "ತುಂಗೀ, ನಿನ್ನ ಮಗಳು ಈಗ ಎಷ್ಟು ಚೆಂದವಾದಳು!" ಎಂದಿತು.

ಮರಿ ಬಾಗಿಲಲ್ಲೇ ನಿಂತುಬಿಟ್ಟಿತು. "ಅಮ್ಮಾ, ಮೊದಲು ನಾನು ಚೆಂದ ಇರಲಿಲ್ಲವೇ?"

"ನನ್ನ ಕಣ್ಣಿಗೆ ನೀನು ಅಂದೂ ಚೆಂದ, ಇಂದೂ ಚೆಂದ. ನಿನಗೆ ಮೊಲೆಯೂಡಿಸಲಾಗದ ಸಂಕಟವೊಂದೇ ನನಗಿತ್ತು, ಬಾ ಕಂದಾ," ಎಂದು ತುಂಗಿ ಕೆಚ್ಚಲನ್ನು ಮರಿಯತ್ತ ತಿರುಗಿಸಿದಳು.

ಮರಿ ಅಂಜುತ್ತಲೇ ಬಾಯಿಟ್ಟಿತು. ಒಂದು ಗುಟುಕು ಇಳಿಯಿತು, ಮತ್ತೊಂದು ಇಳಿಯಿತು. ತುಂಗಿ ಅಲುಗಾಡದೆ ನಿಂತೇ ಇದ್ದಳು.