ಉಗುರಿನ ಮೇಲಿನ ಗೆರೆ

ಯಮನೂರ ಮೊದಲ ಸಲ ಎದ್ದು ಹೋದದ್ದು ನಾಗರ ಪಂಚಮಿಯ ಮರುದಿನ. ಆಗ ಅವನಿಗೆ ಹನ್ನೊಂದು ವರ್ಷ. ಏಳರ ಮಗ್ಗಿ ಅರ್ಧಕ್ಕೆ ಬಂದಿತ್ತು. ಪಾಟಿ ತೊಳೆದುಕೊಂಡು ಬಾ ಎಂದು ಮಾಸ್ತರರು ಹೊರಗೆ ಕಳಿಸಿದರು. ಅವನು ಪಾಟಿ ತೊಳೆದ, ಒಣಗಲಿ ಎಂದು ಶಾಲೆಯ ಕಟ್ಟೆಯ ಮೇಲಿಟ್ಟ, ಹಾಗೇ ನಡೆದುಬಿಟ್ಟ.

ಆ ಪಾಟಿ ಒಣಗಿ ಮೂವತ್ತು ವರ್ಷವಾಯಿತು. ಯಮನೂರ ಇನ್ನೂ ನಡೆಯುತ್ತಲೇ ಇದ್ದ.

ಇಟ್ಟಿಗೆ ಭಟ್ಟಿ, ಕಬ್ಬು ಕಡಿಯುವ ಗ್ಯಾಂಗು, ಲಾರಿಯ ಕ್ಲೀನರ್ ಕೆಲಸ, ಕಡಲ ದಂಡೆಯಲ್ಲಿ ಮೀನಿನ ಐಸು ಒಡೆಯುವ ಕೆಲಸ. ಯಾವುದರಲ್ಲೂ ಒಂದು ಹಂಗಾಮು ತುಂಬಿಸಿದವನಲ್ಲ. ಬಿಟ್ಟ ಊರಿಗೆ ಮತ್ತೆ ಕಾಲಿಟ್ಟವನೂ ಅಲ್ಲ. ಕಾಲು ಗಟ್ಟಿ ಇರುವ ತನಕ ತನಗೇನು ಕಡಿಮೆ ಅಂದುಕೊಂಡಿದ್ದ.

ಆ ಕಾಲೇ ಕೈಕೊಟ್ಟಿತು.

ರಬ್ಬರ್ ಬೂಟು ಹಾಕಿಕೊಂಡು ಐಸಿನ ನೀರಿನಲ್ಲಿ ನಿಂತ ವರ್ಷ ಬಲಗಾಲ ಹೆಬ್ಬೆರಳಿನ ಉಗುರು ಹಳದಿಯಾಯಿತು. ಆಮೇಲೆ ದಪ್ಪವಾಯಿತು, ಹಳೇ ಬೆಲ್ಲದ ಚೂರಿನ ಹಾಗೆ. ಚಪ್ಪಲಿ ಒತ್ತಿದರೆ ನೋವು ನೆತ್ತಿಗೇರುತ್ತಿತ್ತು. ದಿನಕ್ಕೆ ಐದು ಹರದಾರಿ ನಡೆಯುತ್ತಿದ್ದವನು ಒಂದಕ್ಕೇ ಕೂತುಬಿಡುತ್ತಿದ್ದ.

ಹಾಗೆ ಕುಂಟುತ್ತ, ದಸರೆಯ ಹಿಂದಿನ ದಿನ ಹೊಳೆದಂಡೆಯ ಮುಪ್ಪಯ್ಯಜ್ಜನ ಆಶ್ರಮಕ್ಕೆ ಬಂದ. ಜ್ಞಾನ ಬೇಕಾಗಿ ಬಂದದ್ದಲ್ಲ. ಬಾಗಿಲಲ್ಲಿ ನೆರಳಿತ್ತು.

ಬಾಗಿಲ ಹೊರಗೆ ಒಂದು ಕಲ್ಲಿನ ಬಾನಿ. ಒಳಗೆ ಬರುವವರು ಅದರ ನೀರಿನಲ್ಲಿ ಎರಡೂ ಕಾಲು ಅದ್ದಿ ದಾಟಿ ಬರಬೇಕು. ಹಿಂದಿನ ಅಜ್ಜನ ಕಾಲದಿಂದ ಬಂದ ಪದ್ಧತಿ. ಯಮನೂರ ಎಡಗಾಲು ಅದ್ದಿ, ಬಲಗಾಲು ಹಿಂದೆ ಮರೆಮಾಡಿಕೊಂಡು ನಿಂತ.

ಒಳಗಿನಿಂದ ಅಜ್ಜ ಕೇಳಿದರು: "ಆ ಇನ್ನೊಂದು ಕಾಲು ಯಾರದು?"

"ನಂದ ರೀ ಅಜ್ಜಾರ."

"ಹಂಗಾರ ಅದನ್ನೂ ಕರಕೊಂಡು ಬಾ."

"ನೋಡುವಂಗಿಲ್ರಿ. ಉಗುರು ಕೆಟ್ಟೈತಿ."

"ಕೆಟ್ಟದ್ದನ್ನ ಹೊರಗ ಬಿಟ್ಟು ಬಂದ್ರ ಒಳಗ ಏನು ತೋರಿಸ್ತಿ? ಬಾ."

ಅಜ್ಜ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಅಡುಗೆ ಮಾಡುವ ನೀಲವ್ವನೂ ಸೌಟು ಹಿಡಿದುಕೊಂಡೇ ಬಂದು ಬಗ್ಗಿ ನೋಡಿದಳು.

"ಔಷಧ ಏನೇನು ಮಾಡಿದಿ?"

ಯಮನೂರ ಚೀಲ ಬಿಚ್ಚಿ ಒಂದೊಂದೇ ಹೊರಗಿಟ್ಟ. ಬೇವಿನ ಎಣ್ಣೆ. ಅರಿಸಿನ, ಸುಣ್ಣದ ಡಬ್ಬಿ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ. ಯಾವುದೋ ಮುಲಾಮು. ಒಂದು ಒಣಗಿದ ಲಿಂಬೆಹಣ್ಣು, ನಡುವೆ ತೂತು.

"ಇದೇನು?"

"ಉಗುರುಸುತ್ತು ಅಂತ ತಿಳದು ಬೆರಳಿಗೆ ಟೊಪ್ಪಿಗಿ ಹಾಕಿದ್ದೆ ರೀ."

"ಇದನ್ನ ಹಾಕ್ಕೊಂಡು ನಡದಿ?"

"ಒಂದು ಹರದಾರಿ ನಡದೆ. ಆಮ್ಯಾಲ ಇರುವಿ ಹತ್ತಿದ್ವು."

"ಉಪ್ಪಿನಕಾಯಿ ಹಾಕಾಕ ನಿನಗ ಕಾಲೇ ಬೇಕಾಗಿತ್ತೇನೋ?" ಎಂದಳು ನೀಲವ್ವ.

ಅಜ್ಜ ನಗಲಿಲ್ಲ. "ಇದ್ರಾಗ ಯಾವುದು ನಾಟಲಿಲ್ಲ?"

"ಯಾವುದೂ ನಾಟಲಿಲ್ರಿ."

"ಈ ಬೇವಿನೆಣ್ಣಿ ಎಷ್ಟು ದಿನ?"

"ಎಂಟು ದಿನ ಹಚ್ಚಿದೆ."

"ಈ ಮುಲಾಮು?"

"ಹನ್ನೆರಡು. ಆಮ್ಯಾಲ ಆ ಊರು ಬಿಟ್ಟೆ."

ಕೊನೆಗೆ ಒಂದು ಸಣ್ಣ ಬಾಟಲಿ ಬಂತು. ಮುಚ್ಚಳಕ್ಕೆ ಕುಂಚ ಇತ್ತು, ಸುತ್ತಲೂ ಒಂದು ಚೀಟಿ ಸುತ್ತಿತ್ತು.

"ಇದು ದವಾಖಾನಿದು. ಫಂಗಸ್ ಅಂದ್ರು ಡಾಕ್ಟರು. ರೊಟ್ಟಿಗೆ ಬೂಷ್ಟು ಹಿಡದಂಗ ಉಗುರಿಗೂ ಹಿಡೀತೈತಂತ. ಒಂಬತ್ತು ದಿನ ಹಚ್ಚಿದೆ, ಏನೂ ಆಗಲಿಲ್ಲ."

"ಚೀಟಿ ಓದು."

ಯಮನೂರನಿಗೆ ಓದು ಬರುತ್ತಿತ್ತು, ಆದರೆ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಹೋಗಬೇಕಿತ್ತು. "ದಿನಾ... ಒಂದು ಸಲ... ಹೊಸ ಉಗುರು... ಪೂರ್ತಿ ಬರುವ ತನಕ."

"ಅಂದ್ರ ಎಷ್ಟು ದಿನ?"

"ಗೊತ್ತಿಲ್ರಿ. ಅಷ್ಟು ದಿನ ನಾ ಎಲ್ಲೂ ಇದ್ದಿಲ್ಲ."

ಅಜ್ಜ ಬಾಟಲಿಯನ್ನು ಈಚೆ ಎತ್ತಿಟ್ಟರು. ಉಳಿದದ್ದನ್ನು ನೀಲವ್ವ ಮೊರಕ್ಕೆ ತುಂಬಿಕೊಂಡು ತಿಪ್ಪೆಗೆ ಹಾಕಿ ಬಂದಳು. ಆಮೇಲೆ ಅಜ್ಜ ಉಗುರು ತಿಕ್ಕಲು ಒಂದು ಪುಟ್ಟ ಕಾನಸು ತಂದು, ಯಮನೂರನ ಉಗುರಿನ ಬುಡದಲ್ಲಿ, ಚರ್ಮಕ್ಕೆ ಹತ್ತಿಕೊಂಡಂತೆ, ಅಡ್ಡಲಾಗಿ ಒಂದು ಸಣ್ಣ ಗೆರೆ ಗೀಚಿದರು.

"ಗೆರೆ ಮುಂದಿಂದು ತಿಕ್ಕಿ ತೆಳ್ಳಗ ಮಾಡು. ಹಿಂದಿಂದು ಮುಟ್ಟಬ್ಯಾಡ. ಔಷಧ ಹಚ್ಚು. ಗೆರೆ ತುದಿಗೆ ಬಂದ ದಿನ ನೀ ಎಲ್ಲಿ ಬೇಕಾದ್ರೂ ಹೋಗು."

"ಯಾವಾಗ ಬರತೈತ್ರಿ ಅದು?"

"ನನ್ನ ಯಾಕ ಕೇಳ್ತಿ? ಅದನ್ನ ಕೇಳು."

ಯಮನೂರನಿಗೆ ಬಾನಿಯ ಕೆಲಸ ಬಿತ್ತು. ಎಲ್ಲರ ಕಾಲಾದ ಮೇಲೆ ಅವನ ಕಾಲು. ಅದಾದ ಮೇಲೆ ನೀರು ಮೊಗೆದು ಚೆಲ್ಲಬೇಕು, ಬಾನಿ ತಿಕ್ಕಬೇಕು, ಹೊಳೆಯಿಂದ ಹನ್ನೆರಡು ಕೊಡ ಹೊಸ ನೀರು ತಂದು ತುಂಬಬೇಕು.

ಸಂಜೆ ನಾಲ್ಕು ಜನ ಅಜ್ಜನ ಮುಂದೆ ಕೂಡುತ್ತಿದ್ದರು. ಅವನೂ ಕೂಡತೊಡಗಿದ. ಒಂದು ದಿನ ಬಾಯಿಬಿಟ್ಟ.

"ಅಜ್ಜಾರ, ಈ ಮನಸ್ಸು ಒಂದು ಕಡೆ ನಿಲ್ಲೂದು ಹೆಂಗ್ರಿ?"

"ಬೆರಳ ಸಂದಿ ಒರಿಸಿಕೊಂಡೇನು?"

"ನಾ ಮನಸ್ಸಿಂದು ಕೇಳಿದೆ ರೀ."

"ನಾ ಬೆರಳಿಂದು ಕೇಳಿದೆ."

ಯಮನೂರ ಬಗ್ಗಿ ನೋಡಿದ. ಸಂದಿ ಒದ್ದೆಯಾಗಿತ್ತು. ಧೋತರದ ಚುಂಗಿನಿಂದ ಒರೆಸಿಕೊಂಡ. ಅಷ್ಟರಲ್ಲಿ ಅಜ್ಜ ಬೇರೆಯವರ ಜೊತೆ ಮಾತಿಗೆ ಹತ್ತಿದ್ದರು.

ದಿನಾ ಎದ್ದ ಕೂಡಲೇ ಗೆರೆ ನೋಡುತ್ತಿದ್ದ. ಅದು ಇದ್ದಲ್ಲೇ ಇರುತ್ತಿತ್ತು. ಒಂದು ತಿಂಗಳಾದ ಮೇಲೆ ಕೂದಲೆಳೆಯಷ್ಟು ಸರಿದಂತೆ ಕಂಡಿತು. ಲಾರಿಯಲ್ಲಿ ಒಂದೇ ರಾತ್ರಿಗೆ ಮೂರು ಜಿಲ್ಲೆ ದಾಟಿದವನಿಗೆ ಈ ಓಟ ನೋಡಿ ತಲೆ ಕೆಟ್ಟುಹೋಯಿತು.

ಚಳಿಗಾಲ ಬಂತು. ಹೊಳೆಯ ನೀರು ಕೊರೆಯುತ್ತಿತ್ತು. ಸಂಕ್ರಾಂತಿಯ ಸುಮಾರಿಗೆ ಯಮನೂರ ಒಂದು ದಿನ ಬಾನಿ ಖಾಲಿ ಮಾಡಲಿಲ್ಲ. ನೀರು ತಿಳಿಯಾಗೇ ಇತ್ತು. ತಗ್ಗಿದಷ್ಟು, ಎರಡು ಕೊಡ ಮೇಲೆ ಸುರಿದ. ಬಾನಿ ಅಂಚಿನ ತನಕ ತುಂಬಿತು. ಯಾರೂ ಏನೂ ಅನ್ನಲಿಲ್ಲ.

ಮರುದಿನವೂ ಎರಡೇ ಕೊಡ. ಆಮೇಲೆ ಅದೇ ರೂಢಿಯಾಯಿತು.

ಹೋಳಿ ಹುಣ್ಣಿಮೆಯ ಹೊತ್ತಿಗೆ ಗೆರೆ ಒಂದು ತೊಗರಿಕಾಳಿನಷ್ಟು ಮುಂದೆ ಬಂದಿತ್ತು. ಅದರ ಹಿಂದಿನ ಉಗುರು ತೆಳ್ಳಗೆ, ನಸುಗೆಂಪಾಗಿ, ಕೂಸಿನ ಉಗುರಿನಂತಿತ್ತು. ಮುಂದಿನದು ಇನ್ನೂ ಹಳದಿ. ಆದರೆ ನೋವಿರಲಿಲ್ಲ. ಹೊಳೆಯ ಮರಳಿನಲ್ಲಿ ಒಂದು ಸುತ್ತು ನಡೆದು ನೋಡಿದ. ಕಾಲು ಹಗುರಾಗಿತ್ತು. ಸಾಕು ಅನಿಸಿತು.

ಕೌದಿ ಸುತ್ತಿದ, ಗಂಟು ಕಟ್ಟಿದ. ಹೇಳಿ ಹೋಗೋಣ ಎಂದು ಅಜ್ಜನ ಹತ್ತಿರ ಬಂದು ಕಾಲಿಗೆ ಹಣೆ ಮುಟ್ಟಿಸಲು ಬಗ್ಗಿದ.

ಬಗ್ಗಿದವನು ಹಾಗೇ ನಿಂತ.

ಅಜ್ಜನ ಹೆಬ್ಬೆರಳಿನ ಉಗುರಿನ ಒಂದು ಅಂಚು ಹಳದಿಯಾಗಿತ್ತು. ಆ ಹಳದಿಯನ್ನು ಅವನು ಎಲ್ಲಿ ಕಂಡರೂ ಗುರುತಿಸುತ್ತಿದ್ದ.

"ಇದು ಯಾವಾಗಿಂದ ರೀ?"

"ಒಂದು ತಿಂಗಳಾತು."

"ನೋವು ಐತೇನ್ರಿ?"

"ನಡದ್ರ ಐತಿ. ನಾ ಎಲ್ಲಿಗೆ ನಡೀಬೇಕು?"

"ನನಗ್ಯಾಕ ಹೇಳಲಿಲ್ರಿ?"

"ನೀ ನಿನ್ನ ಉಗುರು ನೋಡೂದ್ರಾಗ ಇದ್ದಿ. ಬಾನಿ ಯಾವತ್ತು ತಿಕ್ಕಿದ್ದಿ?"

ಯಮನೂರ ತಡೆದು ಹೇಳಿದ: "ಸಂಕ್ರಾಂತಿಗಿಂತ ಮುಂಚೆ."

"ದಿನಾ ತುಂಬಿರತಿತ್ತಲ್ಲ?"

"ತುಂಬತಿದ್ದೆ ರೀ. ಚೆಲ್ಲತಿದ್ದಿಲ್ಲ."

ಅಜ್ಜ ಹೂಂ ಅಂದು ಕಾಲು ಒಳಗೆಳೆದುಕೊಂಡರು.

"ಬೈರಿ ಅಜ್ಜಾರ. ಏನರ ಶಿಕ್ಷೆ ಕೊಡ್ರಿ."

"ಹೊಂಟು ನಿಂತಾಂವಗ ಶಿಕ್ಷೆ ಕೊಟ್ರ ಅದನ್ನೂ ಅರ್ಧಕ್ಕ ಬಿಟ್ಟು ಹೋಗ್ತಿ. ಹೋಗು, ಬಿಸಲು ಏರತೈತಿ."

ಯಮನೂರ ಗಂಟು ಹೆಗಲಿಗೇರಿಸಿ ಬಾಗಿಲು ದಾಟಿದ. ಬಾನಿ ತುಂಬಿ ನಿಂತಿತ್ತು. ಹೊಲದಿಂದ ಬಂದ ಇಬ್ಬರು ಹೆಣ್ಣುಮಕ್ಕಳು ಬರಿಗಾಲಲ್ಲಿ ಅದರ ಕಡೆಗೇ ಬರುತ್ತಿದ್ದರು.

"ನಿಲ್ರಿ ಯಕ್ಕಾ," ಅಂದ. "ಇದ್ರಾಗ ಕಾಲಿಡಬ್ಯಾಡ್ರಿ."

ಗಂಟು ಕೆಳಗಿಟ್ಟ. ಕೊಡದಿಂದ ಅವರ ಕಾಲಿಗೆ ನೀರು ಸುರಿದ. ಆಮೇಲೆ ಬಾನಿಯ ನೀರು ಮೊಗೆದು ಚೆಲ್ಲತೊಡಗಿದ. ತಳ ಕಂಡಾಗ ಕೈಯಾಡಿಸಿ ನೋಡಿದ. ಅಂಗೈಗೆ ಲೋಳೆ ಹತ್ತಿತು. ಇಟ್ಟಿಗೆಯ ಚೂರು ತಗೊಂಡು ಮಧ್ಯಾಹ್ನದ ತನಕ ತಿಕ್ಕಿದ.

ಊಟಕ್ಕೆ ಕರೆಯಲು ಬಂದ ನೀಲವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹೊಂಟಿದ್ದಿ ಅಂದ್ರಲ್ಲೋ?"

"ಹೊಂಟೀನಿ ಯಕ್ಕಾ. ಆದ್ರ ನಾ ಹೋದ ಮ್ಯಾಲ ನನ್ನಂಥಾಂವ ಇನ್ನೊಬ್ಬ ಬಂದ್ರ? ಇದನ್ನ ಒಡದು ಹಾಕಿ ಹೋಗ್ಲೇನು?"

"ಹಿಂದಿನ ಅಜ್ಜಾರು ಕಾಲಿಟ್ಟ ಬಾನಿ ಅದು! ಮುಟ್ಟಿ ನೋಡು, ಕೈ ಮುರೀತೀನಿ."

ಇಬ್ಬರ ಗದ್ದಲ ಕೇಳಿ ಅಜ್ಜ ಕುಂಟುತ್ತ ಹೊರಗೆ ಬಂದರು. ಬಾನಿಯನ್ನು ನೋಡಿದರು. ಮತ್ತೆ ಒಳಗೆ ಹೋಗಿ ಒಂದು ಚಾಣ, ಒಂದು ಸುತ್ತಿಗೆ ತಂದು ಯಮನೂರನ ಮುಂದಿಟ್ಟರು.

"ತಳಕ್ಕ ಒಂದು ತೂತು ಹಾಕು."

"ನೀರು ನಿಲ್ಲೂದಿಲ್ಲಲ್ರೀ!"

"ಹೌದು. ನಿಲ್ಲೂದಿಲ್ಲ."

ಕಲ್ಲು ಗಟ್ಟಿ ಇತ್ತು. ತೂತು ಬೀಳಲು ಮೂರು ದಿನ ಹಿಡಿಯಿತು. ಮೊದಲನೇ ದಿನ ಮಲಗಲು ಕೌದಿ ಬೇಕಾಗಿ ಯಮನೂರ ಗಂಟು ಬಿಚ್ಚಿದ. ಅದನ್ನು ಮತ್ತೆ ಕಟ್ಟುವುದು ಅವನಿಗೆ ನೆನಪಾಗಲಿಲ್ಲ.

ಅಂದಿನಿಂದ ಬಂದವರು ಬರೀ ಬಾನಿಯಲ್ಲಿ ನಿಲ್ಲುತ್ತಿದ್ದರು, ಯಮನೂರ ಚಂಬಿನಿಂದ ಕಾಲಿಗೆ ನೀರು ಸುರಿಯುತ್ತಿದ್ದ. ಸುರಿದದ್ದು ಸುರಿದಂತೆ ತೂತಿನಿಂದ ಇಳಿದು ಬಾಳೆಯ ಬುಡಕ್ಕೆ ಹೋಗುತ್ತಿತ್ತು. "ಬೆರಳ ಸಂದಿ ಒರಿಸಿಕೊಳ್ರಿ, ನಿಮ್ಮ ನಿಮ್ಮ ಅರಿವಿ ಚುಂಗಿನಿಂದ," ಎಂದು ಎಲ್ಲರಿಗೂ ಹೇಳುತ್ತಿದ್ದ. ಸಂಜೆ ಬಾನಿ ಒಣಗಿದ ಮೇಲೆ ಅದರ ತಳವನ್ನು ಕಸಬರಿಗೆಯಿಂದ ಗುಡಿಸುತ್ತಿದ್ದ.

ಅಜ್ಜನನ್ನು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಪೇಟೆಯ ದವಾಖಾನೆಗೆ ಹೋಗಿ ಬಂದ. ಅದೇ ಔಷಧ, ಅದೇ ಮಾತು. ಅಜ್ಜನಿಗೆಂದೇ ಬೇರೆ ಕಾನಸು ತಂದ. ಉಗುರಿನ ಬುಡದಲ್ಲಿ ಗೆರೆ ಗೀಚಲು ಕೂತಾಗ ಕಾನಸು ಎರಡು ಸಲ ಜಾರಿತು.

"ಗಟ್ಟಿ ಹಿಡಿಯೋ."

"ನೀವು ಅಲುಗಬ್ಯಾಡ್ರಿ."

ಬೇಸಿಗೆ ಹೋಯಿತು, ಮಳೆ ಬಂತು. ದಿನಾ ಸಂಜೆ ಎರಡು ಕಾಲು. ಮೊದಲು ಅಜ್ಜನದು, ಆಮೇಲೆ ತನ್ನದು. ಒಂದು ದಿನ ಅಜ್ಜ ಕಾಲು ಎಳೆದುಕೊಂಡರು.

"ಇವತ್ತು ಬ್ಯಾಡ ಬಿಡು. ಮೈ ಭಾರ ಆಗೇತಿ."

"ಚೀಟ್ಯಾಗ ದಿನಾ ಅಂತ ಐತ್ರಿ."

ಅಜ್ಜ ಅವನ ಮುಖ ನೋಡಿದರು, ಕಾಲು ಚಾಚಿದರು.

ಗೆರೆಯನ್ನು ದಿನಾ ಎದ್ದ ಕೂಡಲೇ ನೋಡುವ ಚಾಳಿ ಯಾವಾಗ ಬಿಟ್ಟುಹೋಯಿತೋ ಯಮನೂರನಿಗೇ ತಿಳಿಯಲಿಲ್ಲ. ಇನ್ನೊಂದು ದಸರೆ ಬಂತು, ಹೋಯಿತು. ಇನ್ನೊಂದು ಚಳಿಗಾಲ ಬಂತು. ಶಿವರಾತ್ರಿಯ ಮರುದಿನ ಕಾಲು ತೊಳೆದು ನೋಡಿದರೆ ಗೆರೆ ತುದಿಯ ಅಂಚಿಗೆ ಬಂದು ನಿಂತಿತ್ತು.

ಕತ್ತರಿ ತಂದ. ಕಟ್ ಅಂತು. ಹಳದಿಯ ಕೊನೆಯ ಚೂರು ಗೆರೆಯ ಜೊತೆಗೇ ಬಿತ್ತು. ಉಳಿದದ್ದು ಪೂರ್ತಿ ಹೊಸ ಉಗುರು.

ನೀಲವ್ವನನ್ನು ಕರೆದು ತೋರಿಸಿದ. ಅವಳು ಕಣ್ಣು ಕಿರಿದು ಮಾಡಿ, ಮೂಗು ಉಗುರಿಗೆ ತಾಗುವಷ್ಟು ಹತ್ತಿರದಿಂದ ನೋಡಿದಳು. "ಮದುವಿ ಮದಲಗಿತ್ತಿ ಕಾಲಾಗೇತಲ್ಲೋ!"

ಸಂಜೆಯೇ ಅವನು ಕೌದಿ ಸುತ್ತತೊಡಗಿದ. ಅಂಗಿ ಮಡಿಚಿದ. ತನ್ನ ಕಾನಸು ಚೀಲದ ತಳಕ್ಕಿಟ್ಟ. ಚೀಟಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡ. ಔಷಧದ ಬಾಟಲಿ ಕೈಗೆತ್ತಿಕೊಂಡು, ಏನೋ ಯೋಚಿಸಿ, ಅಜ್ಜನ ಹಾಸಿಗೆಯ ಪಕ್ಕ ಇಟ್ಟ.

ಅಜ್ಜ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ಯಾವ ಕಡೆ?"

"ಗೊತ್ತಿಲ್ರಿ. ಕಾಲು ಕರದತ್ತ."

"ಒಳ್ಳೇದು."

ಯಮನೂರ ಗಂಟಿನ ಹಗ್ಗ ಬಿಗಿದ. ಮತ್ತೆ ಸಡಿಲಿಸಿದ.

"ನಿಮಗ ಔಷಧ ಹಚ್ಚೂದು ಯಾರ್ರೀ ಅಜ್ಜಾರ?"

"ನೀಲವ್ವ ಅದಾಳ. ಹಚ್ಚತಾಳ."

"ದಿನಾ ಹಚ್ಚಬೇಕ್ರಿ."

"ದಿನಾ ಹಚ್ಚತಾಳ. ನೀ ನಡಿ."

ಯಮನೂರ ಹಗ್ಗವನ್ನು ಮತ್ತೆ ಬಿಗಿದ. ಅಜ್ಜ ಬಲಗಾಲನ್ನು ಮುಂದೆ ಚಾಚಿ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡರು. ಯಮನೂರ ಗೀಚಿದ ಗೆರೆ ಅಲ್ಲಿ ಮೂರರಲ್ಲಿ ಎರಡು ಪಾಲು ದಾಟಿ ನಿಂತಿತ್ತು.

"ಇದು ಪಂಚಮಿ ಹೊತ್ತಿಗೆ ತುದಿ ಮುಟ್ಟತೈತಿ," ಎಂದರು ಅಜ್ಜ. "ನೀಲವ್ವನ ಕೈಯಾಗ ಕತ್ತರಿ ಕೊಡಾಕ ನನಗ ಧೈರ್ಯ ಇಲ್ಲ."