ನೀರಿನ ಸಾಲು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ. ಈ ಸೀಮೆಯಲ್ಲಿ ನನ್ನಷ್ಟು ನಿಜ ಹೇಳುವವನು ಇನ್ನೊಬ್ಬ ಹುಟ್ಟಿಲ್ಲ.

ಪರಶಿವ ಅಂತ ಒಬ್ಬ ಆಣ್ವಿಕ ಜೀವವಿಜ್ಞಾನಿ. ಬರೆದ ಪ್ರಬಂಧಗಳನ್ನು ಒಂದರ ಮೇಲೊಂದು ಪೇರಿಸಿದರೆ ಆನೆಯೂ ಕತ್ತೆತ್ತಿ ನೋಡಬೇಕು. ಮೊದಲ ಪ್ರಬಂಧವೊಂದನ್ನೇ ನಾಲ್ಕು ಸಾವಿರದ ಮುನ್ನೂರು ಜನ ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ್ದರು. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಆ ಸಂಖ್ಯೆ ನೋಡಿಕೊಳ್ಳುತ್ತಿದ್ದ.

ಒಂದು ದಿನ ಅವನು ನದಿದಂಡೆಯ ಆಶ್ರಮಕ್ಕೆ ಓಡಿಬಂದ. ಅಲ್ಲಿದ್ದವರು ಹಿಂದೆ ಅವನಿಗೆ ಪ್ರಯೋಗ ಕಲಿಸಿದ ಗುರು ನಾಗಲಿಂಗಯ್ಯನವರು. ಶಿಷ್ಯನ ಮೈಯೆಲ್ಲ ಭಯದ ಬೆವರು. ಅಂಗಿ ಹಿಂಡಿದ್ದರೆ ನದಿ ಒಂದು ಗೇಣು ಏರುತ್ತಿತ್ತು.

ಕೈಯಲ್ಲೊಂದು ಪತ್ರ. ಬರೆದವಳು ದೂರದೂರಿನ ಸಂಶೋಧನಾ ವಿದ್ಯಾರ್ಥಿನಿ. ಅವನ ಆ ಮೊದಲ ಪ್ರಯೋಗವನ್ನೇ ಐದು ವರ್ಷದಿಂದ ಮಾಡುತ್ತಿದ್ದಾಳಂತೆ. ಅವನಿಗೆ ಬಂದ ಫಲ ಅವಳಿಗೆ ಬರುತ್ತಿಲ್ಲವಂತೆ. ನನ್ನ ಕೈಯೇ ಸರಿಯಿಲ್ಲ, ಈ ಕೆಲಸ ಬಿಟ್ಟುಬಿಡುತ್ತೇನೆ, ಅದಕ್ಕೂ ಮೊದಲು ನಿಮ್ಮ ಪ್ರಯೋಗದ ಪೂರ್ತಿ ಚಿತ್ರ ಒಮ್ಮೆ ಕಳಿಸುತ್ತೀರಾ ಅಂತ ಕೇಳಿದ್ದಳು.

"ಕಳಿಸು," ಅಂದರು ಗುರು.

ಶಿಷ್ಯ ಆಗ ನಿಜ ಬಾಯಿಬಿಟ್ಟ. ಅಂಥ ಪ್ರಯೋಗದಲ್ಲಿ ಮಾದರಿಗಳನ್ನು ಸಾಲುಸಾಲಾಗಿ ಹಾಕಿ, ಹೋಲಿಸಿ ನೋಡಲು ಒಂದು ಸಾಲಿಗೆ ಬರಿಯ ನೀರು ಹಾಕುವುದು ಪದ್ಧತಿ. ಅಲ್ಲಿ ಏನೂ ಕಾಣಬಾರದು; ಕಂಡರೆ ಉಳಿದ ಸಾಲುಗಳನ್ನೂ ನಂಬುವಂತಿಲ್ಲ. ಅವನ ಚಿತ್ರದಲ್ಲಿ ಕಂಡಿತ್ತು. ಎಲ್ಲೋ ಕಲಬೆರಕೆಯಾಗಿತ್ತು. ಮತ್ತೆ ಮಾಡುವ ತಾಳ್ಮೆಯಿಲ್ಲದೆ ಆ ಸಾಲನ್ನೇ ಕತ್ತರಿಸಿ ಚಿತ್ರವನ್ನು ಅಚ್ಚಿಗೆ ಕೊಟ್ಟಿದ್ದ. ಇಪ್ಪತ್ತು ವರ್ಷ ಯಾರೂ ಕೇಳಿರಲಿಲ್ಲ.

"ಗುರುಗಳೇ, ನಾಲ್ಕು ಸಾವಿರದ ಮುನ್ನೂರು ಜನ ನಂಬಿದ್ದಾರೆ."

"ಆ ನೀರಿನ ಸಾಲು ನೋಡಿದವರು?"

"ನಾನೊಬ್ಬನೇ."

"ನೀನು ನಂಬಿದ್ದೀಯಾ?"

ಹೆಸರು ಹೋಗುತ್ತದೆ, ಕೆಲಸ ಹೋಗುತ್ತದೆ, ಎದುರು ಬಂದವರು ದಾರಿ ಬದಲಿಸುತ್ತಾರೆ ಅಂತ ಶಿಷ್ಯ ಗೋಗರೆದ. ಅಂಚೆಯವನ ಸೈಕಲ್ ಗಂಟೆ ಕೇಳಿದರೂ ಎದೆ ಹೊಡೆದುಕೊಳ್ಳುತ್ತದೆ ಅಂದ.

ಗುರುಗಳು ಒಳಗೆ ಹೋದರು. ಒಂದು ಹಾಳೆ, ಒಂದು ಪೆನ್ನು ತಂದು ಅವನ ಮುಂದಿಟ್ಟರು.

ಶಿಷ್ಯ ಪೆನ್ನು ಹಿಡಿದ. ಅದು ಏಳು ಸಲ ಕೈಯಿಂದ ಜಾರಿತು.

ಹೋಗಲಿ, ಏಳಲ್ಲ, ಒಂದೇ ಸಲ. ಅದೊಂದು ಮಾತ್ರ ನಾನು ಸೇರಿಸಿದ್ದು.

ಏನಂತ ಶುರುಮಾಡಲಿ ಅಂತ ಅವನು ಕೇಳಿದ. ಗುರುಗಳು ಹೇಳಿದರು:

"‘ಅಮ್ಮಾ, ನಿನ್ನ ಕೈ ಸರಿಯಾಗಿಯೇ ಇದೆ’ ಅಂತ."