ಮಹಡಿಯ ಮೀನುಗಳು

ಹೊಳೆದಂಡೆಯ ಆಶ್ರಮದಲ್ಲಿ ಚರಂತಯ್ಯ ಎಂಬ ಗುರುಗಳಿದ್ದರು. ಬೆಳಗಾದರೆ ಹೊಳೆಗಿಳಿದು ಮೀನುಗಳಿಗೆ ಚುರುಮುರಿ ಹಾಕುವುದು ಅವರ ರೂಢಿ. ಮುಪ್ಪಿಗೆ ಮೊಣಕಾಲು ಸೋತವು. ಮಹಡಿಯ ಕೋಣೆಯಿಂದ ಇಳಿಯುವುದೇ ನಿಂತುಹೋಯಿತು.

ಶಿಷ್ಯ ಮಹಾಲಿಂಗನಿಗೆ ಅದನ್ನು ನೋಡಲಾಗಲಿಲ್ಲ. ಪೇಟೆಯಿಂದ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ ತಂದು ಗುರುಗಳ ಎದುರಿಗೇ ಇಟ್ಟ. ಕೊಡಗಟ್ಟಲೆ ಹೊಳೆನೀರು ಹೊತ್ತು ತುಂಬಿಸಿದ. ಮೀನು ಬಿಟ್ಟ.

ಕೋಣೆಯ ಹಲಗೆ ನೆಲದ ಕೆಳಗೇ ಅಡುಗೆಮನೆ. ರೊಟ್ಟಿ ಬಡಿಯುತ್ತಿದ್ದ ಶಂಕ್ರವ್ವ ತಲೆಯೆತ್ತಿ ಕೇಳಿದಳು.

"ತಮ್ಮಾ, ಹಲಗಿ ತಡೀತಾವೇನು?"

"ಊರ ಮಂದಿ ಎಲ್ಲಾ ಇಲ್ಲೇ ಕೂತು ಭಜನಿ ಮಾಡ್ತಾರಲ್ಲಬೇ. ಏನಾಗೇತಿ?" ಎಂದ ಮಹಾಲಿಂಗ ಮೇಲಿನಿಂದಲೇ.

ಅವಳು ಮತ್ತೆ ಕೇಳಲಿಲ್ಲ. ಅವನು ಕೆಳಗಿಳಿದು ತೊಲೆ ನೋಡಲಿಲ್ಲ.

ಗುರುಗಳು ದಿನವಿಡೀ ಮೀನು ನೋಡುತ್ತಿದ್ದರು. ಅವರ ಮುಖ ನೋಡುತ್ತ ಮಹಾಲಿಂಗ ನಿಂತಿರುತ್ತಿದ್ದ. ಆಶ್ರಮಕ್ಕೆ ಬಂದ ಮೇಲೆ ತಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ ಅನ್ನಿಸುತ್ತಿತ್ತು.

ಮಳೆಗಾಲ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ತೊಲೆ ಮುರಿಯಿತು. ತೊಟ್ಟಿ ಹಲಗೆಗಳ ಸಮೇತ ಅಡುಗೆಮನೆಗೆ ಬಿತ್ತು. ಗುರುಗಳ ಮಂಚ ಗೋಡೆಯ ಕಡೆಗಿತ್ತು, ಅವರಿಗೇನೂ ಆಗಲಿಲ್ಲ. ಶಂಕ್ರವ್ವನ ಜೀವ ಉಳಿಯಿತು. ಆದರೆ ಬಲಗೈ ಜಜ್ಜಿಹೋಗಿತ್ತು. ಆ ಕೈ ಇನ್ನು ರೊಟ್ಟಿ ಬಡಿಯುವುದಿಲ್ಲ ಎಂದರು ವೈದ್ಯರು.

ಅವಳು ಆಸ್ಪತ್ರೆಯಿಂದ ಮರಳಿದ ದಿನ ಮಹಾಲಿಂಗ ಗುರುಗಳ ಕಾಲ ಬಳಿ ಕುಸಿದ.

"ತೊಲಿ ತುದಿ ಗೋಡ್ಯಾಗ ಗೆದ್ದಲು ತಿಂದಿತ್ತು. ನಾ ನೋಡಲಿಲ್ಲ. ಇಷ್ಟು ಮಂದೀನ್ನ ತಡದದ್ದು ಇದನ್ನೂ ತಡೀತೈತಿ ಅಂದ್ಕೊಂಡೆ."

"ಮಂದಿ ಎದ್ದು ಹೋಗ್ತಾರ. ನೀರು ಏಳೂದಿಲ್ಲ," ಎಂದರು ಗುರುಗಳು.

"ಶಿಕ್ಷಾ ಕೊಡ್ರಿ."

ಗುರುಗಳು ಗೋಡೆ ಹಿಡಿದು ಎದ್ದರು. ಮೆಟ್ಟಿಲ ಮೇಲೆ ಕೂತು, ತೆವಳಿಕೊಂಡೇ ಕೆಳಗಿಳಿದರು. ಒಲೆಯ ಮುಂದೆ ಕೂತು ಹಿಟ್ಟು ಕಲಸಿದರು. ರೊಟ್ಟಿ ತಟ್ಟಿದರೆ ಹರಿಯಿತು. ಮೂಲೆಯಲ್ಲಿ ಕೂತಿದ್ದ ಶಂಕ್ರವ್ವ ಮುಖ ಆ ಕಡೆ ತಿರುಗಿಸಿಕೊಂಡಳು.

"ಬಿಡ್ರಿ ಗುರುಗಳೆ, ತಪ್ಪು ನಂದು," ಎನ್ನುತ್ತ ಮಹಾಲಿಂಗ ಹಿಟ್ಟಿಗೆ ಕೈ ಚಾಚಿದ.

"ತೊಲಿ ಕಿರುಗುಟ್ಟೂದು ನನಗ ದಿನಾ ಕೇಳತಿತ್ತು," ಎಂದರು ಗುರುಗಳು.

ಚಾಚಿದ ಕೈ ಅಲ್ಲೇ ನಿಂತಿತು.

"ಮತ್ತ ಯಾಕ ಹೇಳಲಿಲ್ರೀ?"

ಗುರುಗಳು ಹರಿದ ರೊಟ್ಟಿಯನ್ನು ಮುದ್ದೆ ಮಾಡಿ ಮತ್ತೆ ನಾದಿದರು. ಬಹಳ ಹೊತ್ತು ನಾದಿದರು.

"ಮೀನು ಭಾಳ ಚೆಂದ ಇದ್ದವು, ಮಹಾಲಿಂಗ."